ಮಣ್ಣೆತ್ತು

ಕಾರಹುಣ್ಣಿಮೆಯ ದಿನ ರೈತ ತನ್ನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ, ಸಂಜೆಗೆ ಕರಿ ಹರಿಯಲು ಬಿಡುತ್ತಾನೆ. ಅದು ಎತ್ತುಳ್ಳವರ ಹಬ್ಬ. ಅದಾಗಿ ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆಯಂದು ಎತ್ತಿಲ್ಲದವನೂ ಎತ್ತಿನ ಒಡೆಯನಾಗುತ್ತಾನೆ. ಏಕೆಂದರೆ ಆ ದಿನ ಪೂಜೆಗೊಳ್ಳುವುದು ಮಣ್ಣಿನ ಎತ್ತು. ನಾಲ್ಕು ಹಿಡಿ ಮಣ್ಣು, ಒಂದು ತಂಬಿಗೆ ನೀರು, ಮನೆಯಲ್ಲೊಬ್ಬ ಅಜ್ಜನೋ ಅಜ್ಜಿಯೋ, ಸುತ್ತ ಕೂತ ಮೊಮ್ಮಕ್ಕಳು. ಇಷ್ಟಿದ್ದರೆ ಹಬ್ಬದ ಸಿದ್ಧತೆ ಮುಗಿದಂತೆಯೇ.

ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಮಣ್ಣೆತ್ತಿನ ಅಮಾವಾಸ್ಯೆಯನ್ನು ಪರಿಚಯಿಸಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು ಹೇಳುತ್ತೇನೆ. ಅದು ಜ್ಯೇಷ್ಠ ಮಾಸದ ಕೊನೆಯ ದಿನ. ಮುಂಗಾರು ಕಾಲಿಟ್ಟು ಹೊಲಗಳಲ್ಲಿ ಬಿತ್ತನೆಯ ಗಡಿಬಿಡಿ ನಡೆದಿರುವ ಹೊತ್ತು. ಹೊಲದಿಂದಲೋ ಕೆರೆಯಂಗಳದಿಂದಲೋ ಮಣ್ಣು ತಂದು, ಜೋಡೆತ್ತು ಮಾಡಿ, ಅವುಗಳ ಮುಂದೆ ಮಣ್ಣಿನದೇ ಒಂದು ಗೋದಲಿಯನ್ನು ಕಟ್ಟಿ, ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಹಬ್ಬದ ಅಡಿಗೆಯ ನೈವೇದ್ಯವಾಗುತ್ತದೆ. ಕುಂಬಾರರು ಎತ್ತು ಮಾಡಿ ಮನೆಮನೆಗೆ ತಂದುಕೊಟ್ಟು ಕಾಳು ಪಡೆಯುವ ಪದ್ಧತಿಯೂ ಹಳೆಯದೇ. ಆದರೆ ಮನೆಯ ಹಿರಿಯರು ಮಕ್ಕಳನ್ನು ಕೂಡಿಸಿಕೊಂಡು ತಾವೇ ಮಾಡುವ ವಾಡಿಕೆ ಅದರ ಜೊತೆಗೇ ನಡೆದು ಬಂದಿದೆ. ಇಲ್ಲಿಂದ ಮಣ್ಣಿನ ಹಬ್ಬಗಳ ಸಾಲೇ ತೊಡಗುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಲಗಂಜಿಯಿಂದ ಸಿಂಗರಿಸುವ ಗುಳ್ಳವ್ವ, ಶ್ರಾವಣದಲ್ಲಿ ಹುತ್ತದ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಬರುವ ಜೋಕುಮಾರ. ಈ ಸಾಲಿಗೆಲ್ಲ ಮುಂದಾಳು ನಮ್ಮ ಮಣ್ಣೆತ್ತು.

ಈ ಕೆಲಸವನ್ನು ಮಕ್ಕಳ ಆಟವೆಂದು ಬದಿಗಿಡುವುದು ಸುಲಭ. ಆದರೆ ಇತಿಹಾಸದ ಬಗೆಗೆ ತುಸು ಆಸಕ್ತಿಯುಳ್ಳ ನನಗೆ, ವಿದ್ವಾಂಸರು ಬಹುಕಾಲದಿಂದ ಕೇಳುತ್ತ ಬಂದಿರುವ ಒಂದು ಪ್ರಶ್ನೆಗೆ ಈ ಮಣ್ಣೆತ್ತಿನಲ್ಲಿ ಸುಳಿವಿದೆಯೆಂದು ತೋರುತ್ತದೆ. ಆ ಪ್ರಶ್ನೆಯನ್ನು ಹೇಳಲು ಸ್ವಲ್ಪ ದೂರ ಹೋಗಬೇಕು.

ಸಿಂಧೂ ಕಣಿವೆಯ ನಾಗರಿಕತೆ ಬೆಳಕಿಗೆ ಬಂದ ಸುದ್ದಿಯನ್ನು ಜಾನ್ ಮಾರ್ಷಲ್ 1924ರಲ್ಲಿ ಲೋಕಕ್ಕೆ ಸಾರಿದನು. ಹರಪ್ಪ, ಮೊಹೆಂಜೊದಾರೋಗಳ ವಿಶಾಲವಾದ ಬೀದಿಗಳನ್ನೂ ಮುದ್ರೆಗಳನ್ನೂ ಕುರಿತು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅದೇ ಮಣ್ಣಿನೊಳಗಿಂದ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳೂ, ಅವುಗಳ ಗಟ್ಟಿ ಗಾಲಿಗಳೂ, ಎತ್ತುಗಳೂ ರಾಶಿರಾಶಿಯಾಗಿ ದೊರೆತವು. ದಾರ ಜಗ್ಗಿದರೆ ತಲೆಯಾಡಿಸುವಂತೆ, ತಲೆಯನ್ನು ಬೇರೆ ಮಾಡಿ ಕೂಡಿಸಿದ ಎತ್ತೂ ಇತ್ತು. ಕೆಲವು ಗೊಂಬೆಗಳು ನುರಿತ ಕೈಯ ಕೆಲಸ. ಇನ್ನು ಕೆಲವು ಎಷ್ಟು ಒರಟಾಗಿವೆಯೆಂದರೆ, ಅವನ್ನು ಮಕ್ಕಳೇ ಮಾಡಿರಬೇಕೆಂದು ಬಲ್ಲವರು ಊಹಿಸಿದ್ದಾರೆ.

ಅಷ್ಟು ದೂರವೇಕೆ? ನಮ್ಮ ರಾಯಚೂರು, ಬಳ್ಳಾರಿ, ಸುರಪುರದ ಸೀಮೆಯಲ್ಲಿ ಬೂದಿದಿಬ್ಬಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಾರೆ. ಈ ದಿಬ್ಬಗಳ ಬೂದಿ ದನದ ಸಗಣಿಯದೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದನು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸನು ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಾಣಿಸಿದವು. ಅಲ್ಲಿಗೆ ಅವು ನವಶಿಲಾಯುಗದ ದನಗಾರರ ದೊಡ್ಡಿಗಳೆಂದು ಸ್ಪಷ್ಟವಾಯಿತು. 1990ರ ದಶಕದಲ್ಲಿ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನದಿಂದ, ದನದ ದೊಡ್ಡಿಯ ಪಕ್ಕದಲ್ಲಿಯೇ ಬದುಕಿದ ಜನರ ನೆಲೆಯೂ ತಿಳಿದುಬಂದಿತು. ಕ್ರಿ.ಪೂ. 3000ದ ಸುಮಾರಿನಿಂದ ಮುಂದಿನ ಈ ಜನ ಬಳ್ಳಾರಿಯ ಬಳಿಯ ಕಪ್ಪಗಲ್ಲಿನ ಬಂಡೆಗಳ ಮೇಲೆ ನೀಳ ಕೋಡಿನ ಎತ್ತುಗಳನ್ನು ಕುಟ್ಟಿ ಕೊರೆದರು. ಮಣ್ಣಿನಿಂದಲೂ ಎತ್ತುಗಳನ್ನು ಮಾಡಿದರು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಂಥ ನೆಲೆಗಳಲ್ಲಿ ಅಂಗೈಯಲ್ಲಿ ಕೂರುವಂಥ ಸುಟ್ಟ ಮಣ್ಣಿನ ಎತ್ತುಗಳು ಸಿಕ್ಕಿವೆ. ಹೆಗಲ ಮೇಲೆ ಎದ್ದು ನಿಂತ ಹಿಣಿಲನ್ನು ನೋಡಿದರೆ ಸಾಕು, ಇದು ನಮ್ಮ ಸೀಮೆಯ ಎತ್ತೇ ಎಂದು ಗುರುತು ಹತ್ತುತ್ತದೆ.

ಇನ್ನು ಪ್ರಶ್ನೆ. ಈ ಎತ್ತುಗಳು ದೇವರೋ ಆಟಿಕೆಯೋ? ಪೂಜೆಗೆಂದು ಮಾಡಿದ್ದೋ, ಮಕ್ಕಳ ಕೈಗೆ ಕೊಡಲೆಂದು ಮಾಡಿದ್ದೋ? ವಸ್ತುಸಂಗ್ರಹಾಲಯದ ಚೀಟಿಯಲ್ಲಿ ಎರಡರಲ್ಲೊಂದನ್ನು ಬರೆಯಬೇಕಾಗುತ್ತದೆ. ಪಂಡಿತರು ಒಮ್ಮೆ ಒಂದು ಕಡೆಗೆ, ಮತ್ತೊಮ್ಮೆ ಇನ್ನೊಂದು ಕಡೆಗೆ ವಾಲಿದ್ದಾರೆ. ನಮ್ಮ ಮನೆಯ ಮಣ್ಣೆತ್ತನ್ನು ಕೇಳಿದರೆ ಅದು ಎರಡೂ ಹೌದೆನ್ನುತ್ತದೆ. ಮುಂಜಾನೆ ಅದು ಮಣ್ಣು. ಮಧ್ಯಾಹ್ನ ಅರಿಸಿನ ಕುಂಕುಮ ಧರಿಸಿದ ದೇವರು. ಪೂಜೆ ಮುಗಿದು ಒಂದು ದಿನ ಕಳೆದರೆ ಮಕ್ಕಳ ಕೈಯ ಆಟಿಕೆ. ಕೊನೆಗೆ ಕೆರೆಯಲ್ಲಿ ಕರಗಿ ಮತ್ತೆ ಮಣ್ಣು. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಎತ್ತಿನಿಂದ ನಮ್ಮ ಮಣ್ಣೆತ್ತಿನವರೆಗೆ ಕಡಿಯದ ಪರಂಪರೆಯೊಂದು ಹರಿದು ಬಂದಿದೆಯೆಂದು ನಾನು ವಾದಿಸುವುದಿಲ್ಲ. ಅದಕ್ಕೆ ಆಧಾರ ಸಾಲದು. ನಾನು ಹೇಳುವುದಿಷ್ಟೇ: ದೇವರು ಬೇರೆ ಆಟಿಕೆ ಬೇರೆ ಎಂಬ ಗೋಡೆ ನಮ್ಮ ಮನೆಗಳಲ್ಲಿಯೇ ಇಲ್ಲದಿರುವಾಗ, ಆ ದನಗಾರರ ಮನೆಯಲ್ಲಿ ಅದು ಇದ್ದಿತೆಂದು ಏಕೆ ಎಣಿಸಬೇಕು?

ಆಟಿಕೆಯ ಮಾತು ಬಂದಾಗ ಶೂದ್ರಕನ ಮೃಚ್ಛಕಟಿಕವನ್ನು ನೆನೆಯದಿರುವುದು ಸಾಧ್ಯವಿಲ್ಲ. ಆ ನಾಟಕಕ್ಕೆ ಹೆಸರು ಬಂದದ್ದೇ ಒಂದು ಮಣ್ಣಿನ ಬಂಡಿಯಿಂದ. ಬಡತನಕ್ಕಿಳಿದ ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಯಲ್ಲಿ ಆಡಿದ್ದಾನೆ. ಅದನ್ನು ಅವರು ಒಯ್ದ ಮೇಲೆ ದಾಸಿ ರದನಿಕೆ ಮಣ್ಣಿನದೊಂದನ್ನು ಮಾಡಿಕೊಟ್ಟಿದ್ದಾಳೆ. ಮಗು ಅದು ಬೇಡವೆಂದು ಅಳುತ್ತದೆ. ವಸಂತಸೇನೆ ತನ್ನ ಒಡವೆಗಳನ್ನು ಬಿಚ್ಚಿ ಬಂಡಿಯಲ್ಲಿ ತುಂಬಿ, ಚಿನ್ನದ ಬಂಡಿ ಮಾಡಿಸಿಕೋ ಎನ್ನುತ್ತಾಳೆ. ಆ ಒಡವೆಗಳೇ ಮುಂದೆ ನ್ಯಾಯಸಭೆಯಲ್ಲಿ ಚಾರುದತ್ತನಿಗೆ ಮುಳುವಾಗುತ್ತವೆ. ಈ ದೃಶ್ಯವನ್ನು ನೆನೆದಾಗಲೆಲ್ಲ ನನಗೆ ಒಂದು ಸಂಗತಿ ಹೊಳೆಯುತ್ತದೆ. ರದನಿಕೆ ಬಂಡಿಯನ್ನು ಮಾಡಿ ಮಗುವಿಗೆ ಕೊಟ್ಟಳು. ಮಗುವನ್ನು ಕೂಡಿಸಿಕೊಂಡು ಮಾಡಲಿಲ್ಲ. ಗಾಲಿಯ ಮಣ್ಣನ್ನು ರೋಹಸೇನನೇ ತಟ್ಟಿದ್ದರೆ, ಅಚ್ಚಿನ ಕಡ್ಡಿಯನ್ನು ಅವನೇ ಚುಚ್ಚಿದ್ದರೆ, ಅವನು ಅಷ್ಟು ಬೇಗ ಅಳುತ್ತಿದ್ದನೇ?

ಕೂಡಿ ಮಾಡುವುದರ ಬೆಲೆಯನ್ನು ಶಿಕ್ಷಣವೇತ್ತರು ಕಂಡುಕೊಂಡದ್ದು ಬಹಳ ಈಚೆಗೆ. ಜರ್ಮನಿಯ ಫ್ರೋಬೆಲ್ ಎಂಬವನು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಕಾಗದ ಮಡಿಚುವುದು, ಹೆಣೆಯುವುದು, ಜೇಡಿಮಣ್ಣಿನಲ್ಲಿ ಆಕಾರಗಳನ್ನು ಮಾಡುವುದು ಅವನ ಪಾಠಗಳಾಗಿದ್ದವು. ನಮ್ಮಲ್ಲಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ವಿದ್ಯೆಯ ನಡುಗಂಬವಾಗಿಸಬೇಕೆಂದರು. ಜಾಕಿರ್ ಹುಸೇನರ ಸಮಿತಿ ಅದಕ್ಕೊಂದು ಪಠ್ಯಕ್ರಮವನ್ನು ರೂಪಿಸಿತು. ಅದೇ ಮೂಲಶಿಕ್ಷಣ. ಆ ಪ್ರಯೋಗ ಶಾಲೆಗಳಲ್ಲಿ ಬಹುಕಾಲ ಬೇರೂರಲಿಲ್ಲ. ಆದರೆ ವರ್ಷಕ್ಕೊಂದು ದಿನ ಅಜ್ಜಿಯ ಪಕ್ಕದಲ್ಲಿ ಕೂತು ಮಣ್ಣು ಮುಟ್ಟಿದ ಮಕ್ಕಳಿಗೆ ಆ ವಿದ್ಯೆಯ ಒಂದು ಪಾಲು ಮನೆಯಲ್ಲಿಯೇ ದಕ್ಕುತ್ತಿತ್ತು.

ಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ. ಎರೆಮಣ್ಣಾದರೆ ಹೆಂಟೆಗಳನ್ನು ಒಡೆದು, ಹರಳು ಬೇರುಗಳನ್ನು ಆರಿಸಿ, ರಾತ್ರಿಯೆಲ್ಲ ನೆನೆಹಾಕಬೇಕು. ಎರೆ ಒಣಗುವಾಗ ಬಿರಿಯುವ ಮಣ್ಣು; ಬೇಸಗೆಯ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಆದ್ದರಿಂದ ತುಸು ಹತ್ತಿಯನ್ನು ಬಿಡಿಸಿ ಮಣ್ಣಿನಲ್ಲಿ ಕಲಸಿ, ರೊಟ್ಟಿಯ ಹಿಟ್ಟಿನಂತೆ ನಾದಬೇಕು. ಬೆರಳಿಗೆ ಅಂಟದ ಹದ ಬಂದಾಗ ಮೊದಲು ಉದ್ದನೆಯ ಒಂದು ಉಂಡೆಯಿಂದ ಮೈ. ನಾಲ್ಕು ಕಾಲುಗಳೊಳಗೆ ಕಸಬರಿಗೆಯ ಕಡ್ಡಿ ಇಟ್ಟರೆ ಭಾರ ತಾಳುತ್ತವೆ. ಕುತ್ತಿಗೆಯ ಕೆಳಗೆ ಗಂಗೆದೊಗಲನ್ನು ಜಗ್ಗಿ ಇಳಿಸಬೇಕು. ಕಣ್ಣಿಗೆ ಎರಡು ಜೋಳದ ಕಾಳು. ಕೋಡಿಗೆ ಮಣ್ಣಿನ ಬತ್ತಿ. ನೆರಳಲ್ಲಿ ಆರಿದ ಮೇಲೆ ಸುಣ್ಣವನ್ನೋ ಕೆಮ್ಮಣ್ಣನ್ನೋ ಬಳಿದರಾಯಿತು. ಕೊಂಡು ತರಬೇಕಾದ ವಸ್ತು ಒಂದೂ ಇಲ್ಲ.

ಹಿಣಿಲನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗ, ಆಗ ಅವನಿಗೆ ಏಳು ವರ್ಷ, ನಮ್ಮೊಡನೆ ಎತ್ತು ಮಾಡಲು ಕೂತ. ಬಹಳ ಅಚ್ಚುಕಟ್ಟಾಗಿಯೇ ಮಾಡಿದ. ಕಾಲು, ಕೋಡು, ಬಾಲ, ಎಲ್ಲವೂ ಇದ್ದವು. ಆದರೆ ಬೆನ್ನು ಹಲಗೆಯಂತೆ ಸಪಾಟಾಗಿತ್ತು.

“ಇದರ ಹಿಣಿಲು ಎಲ್ಲೋ?” ಎಂದೆ.

“ಹಿಣಿಲು ಅಂದ್ರೇನು ಅಜ್ಜಾ?” ಎಂದ.

ಅವನ ತಪ್ಪೇನೂ ಇರಲಿಲ್ಲ. ಅವನು ಕಂಡದ್ದು ಚಿತ್ರದ ಪುಸ್ತಕದ ದನ. ಕಪ್ಪು ಬಿಳುಪಿನ ಮಚ್ಚೆಯ, ಹಿಣಿಲಿಲ್ಲದ ವಿದೇಶಿ ತಳಿ. ನಮ್ಮೂರಿನಲ್ಲಿಯೂ ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ವಿರಳವಾಗಿದ್ದವು. ಅವನ ಅಜ್ಜಿ ಏನೂ ವಿವರಿಸಲಿಲ್ಲ. ಅವನ ಹೆಬ್ಬೆರಳನ್ನೂ ತೋರುಬೆರಳನ್ನೂ ತನ್ನ ಕೈಯಲ್ಲಿ ಹಿಡಿದು, ಎತ್ತಿನ ಹೆಗಲ ಮೇಲಿನ ಮಣ್ಣನ್ನು ಚಿವುಟಿ ಮೇಲಕ್ಕೆತ್ತಿಸಿದಳು. ಒಂದೇ ಚಿವುಟು. ಅಷ್ಟಕ್ಕೇ ಅದು ಎತ್ತಾಯಿತು. ನೊಗ ಎಲ್ಲಿ ಕೂರುತ್ತದೆ, ಹಿಣಿಲಿನ ಮುಂದೆ ಅದು ಹೇಗೆ ಆನಿಕೊಳ್ಳುತ್ತದೆ ಎಂಬುದನ್ನು ಒಂದು ಕಡ್ಡಿಯಿಟ್ಟು ಆಮೇಲೆ ತೋರಿಸಿದೆವು. ಪಿಕ್ಲಿಹಾಳದ ಎತ್ತಿನ ಹಿಣಿಲನ್ನು ಎತ್ತಿದ್ದೂ ಇಂಥ ಎರಡು ಬೆರಳುಗಳೇ ಇರಬೇಕೆಂದು ನನಗೆ ಆಗ ಅನಿಸಿತು. ಪುಸ್ತಕದಲ್ಲಿ ಬರೆದಿಡಲಾಗದ ಇಂಥ ತಿಳಿವಳಿಕೆ ಕೈಯಿಂದ ಕೈಗೆ ಮಾತ್ರ ದಾಟುತ್ತದೆ. ಒಂದು ತಲೆಮಾರು ದಾಟಿಸುವುದನ್ನು ಮರೆತರೆ ಮುಂದಿನವರಿಗೆ ಅದು ಮರೆತುಹೋಯಿತೆಂಬ ಅರಿವೂ ಇರುವುದಿಲ್ಲ.

ಈಗ ಪೇಟೆಯಲ್ಲಿ ಅಚ್ಚಿನಲ್ಲಿ ಒತ್ತಿದ ಜೋಡೆತ್ತುಗಳು ದೊರೆಯುತ್ತವೆ. ಹೊಳೆಯುವ ಬಣ್ಣ, ಒಂದೇ ಅಳತೆಯ ಕೋಡು. ಹೊತ್ತಿಲ್ಲದವರು ಕೊಂಡು ತಂದು ಪೂಜಿಸಿದರೆ ನಾನು ಆಕ್ಷೇಪಿಸಲಾರೆ. ಮಾಡಿದವನ ಹೊಟ್ಟೆಯೂ ತುಂಬಬೇಕು. ಆದರೆ ಪೂಜೆಗೆ ಅಚ್ಚಿನ ಎತ್ತು ಇದ್ದರೂ ಮಕ್ಕಳ ಕೈಗೊಂದು ಉಂಡೆ ಮಣ್ಣು ಕೊಡುವುದಕ್ಕೆ ಅಡ್ಡಿಯೇನಿದೆ?

ನಮ್ಮ ಮೊಮ್ಮಗನ ಕತೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಎತ್ತಿಕೊಳ್ಳುವಾಗ ಅವನ ಎತ್ತಿನ ಮುಂಗಾಲು ಮುರಿಯಿತು. ರೋಹಸೇನನಂತೆಯೇ ಅತ್ತ. ಹೊಸದು ಕೊಡಿಸುತ್ತೇನೆಂದು ನಾನು ಹೇಳಹೊರಟಿದ್ದೆ. ಅಷ್ಟರಲ್ಲಿ ಅವನ ಅಜ್ಜಿ, “ಛಲೋ ಆತು ಬಿಡು, ಇವತ್ತ ಬೇಕಾದದ್ದು ಕುಂಟೆತ್ತೇ” ಎಂದಳು. ಅಮಾವಾಸ್ಯೆಯ ಮರುದಿನ ಮಕ್ಕಳು ಕುಂಟೆತ್ತೊಂದನ್ನು ಹಿಡಿದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಬೇಡುವ ವಾಡಿಕೆ ನಮ್ಮ ಕಡೆ ಉಂಟು. ಅದನ್ನು ನಾನೇ ಮರೆತಿದ್ದೆ. ಹುಡುಗ ಕಣ್ಣೊರೆಸಿಕೊಂಡು, ಮುರಿದ ಎತ್ತನ್ನು ತಟ್ಟೆಯಲ್ಲಿಟ್ಟುಕೊಂಡು ಓಣಿಯ ಎಂಟು ಮನೆಗಳಿಗೆ ಹೋಗಿ ಬಂದ. ಎರಡು ಮನೆಯವರಿಗೆ ಅವನೇ ಅದು ಏನೆಂದು ವಿವರಿಸಬೇಕಾಯಿತಂತೆ. ಸಂಜೆ ಎಲ್ಲ ಎತ್ತುಗಳನ್ನೂ ಕೆರೆಗೆ ಬಿಟ್ಟು ಬಂದೆವು.

ಈ ಸಲದ ಅಮಾವಾಸ್ಯೆಗೆ ನೀವೂ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಜೋಡೆತ್ತು ಮಾಡಿ ನೋಡಿ. ಕೋಡು ಸೊಟ್ಟಗಾದರೆ ಆಗಲಿ. ಹಿಣಿಲನ್ನು ಮಾತ್ರ ಅವರ ಬೆರಳಿನಿಂದಲೇ ಎತ್ತಿಸಿ. ಕಾಲು ಮುರಿದರೂ ಚಿಂತೆಯಿಲ್ಲ. ಕುಂಟೆತ್ತಿಗೂ ನಮ್ಮ ಹಿರಿಯರು ಒಂದು ದಿನವನ್ನು ತೆಗೆದಿಟ್ಟಿದ್ದಾರೆ.