ಅರಿವಳಿಕೆ ಶುಶ್ರೂಷಕರ ಶಿಕ್ಷಣಕ್ಕೆ ಅಮೆರಿಕ ಸರ್ಕಾರದ ಅನುದಾನ: ಗಡಿನಾಡ ಪೋಷಕರಿಗೊಂದು ಮಾಹಿತಿ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು, ಪಿಯುಸಿ ಅಥವಾ ಪ್ಲಸ್ ಟು ಹಂತದಲ್ಲಿ ವಿಜ್ಞಾನ ವಿಷಯವನ್ನು ಆಯ್ದುಕೊಳ್ಳುವ ಮಕ್ಕಳಲ್ಲಿ ಶುಶ್ರೂಷಾ ವೃತ್ತಿಯನ್ನು ಬಯಸುವವರು ಅನೇಕರಿದ್ದಾರೆ. ಹೆಣ್ಣುಮಕ್ಕಳಲ್ಲಂತೂ ಈ ಒಲವು ಹೆಚ್ಚು. ಅವರ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಅಮೆರಿಕದಲ್ಲಿ ಅರಿವಳಿಕೆ ನೀಡುವ ನರ್ಸ್ ಆಗಲು ಅಲ್ಲಿನ ಸರ್ಕಾರವೇ ಹಣ ಕೊಡುತ್ತದೆ ಎಂಬುದು ನಿಜವೇ? ನಿಜ. ಆದರೆ ಆ ಹಣ ಯಾರ ಕೈಗೆ ಹೋಗುತ್ತದೆ, ಯಾವ ಷರತ್ತಿನ ಮೇಲೆ ಹೋಗುತ್ತದೆ, ನಮ್ಮ ಮಕ್ಕಳಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ತಿಳಿಯದೆ ಹೆಜ್ಜೆಯಿಟ್ಟರೆ ಕುಟುಂಬದ ಉಳಿತಾಯವೆಲ್ಲ ಮಧ್ಯವರ್ತಿಗಳ ಪಾಲಾದೀತು. ಆದುದರಿಂದ ಈ ಅನುದಾನದ ಸ್ವರೂಪವನ್ನು ಮೊದಲಿನಿಂದ ವಿವರಿಸುತ್ತಿದ್ದೇವೆ.

ಅರಿವಳಿಕೆ ಶುಶ್ರೂಷಕರು ಯಾರು?

ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯ ವೇಳೆ ರೋಗಿಗೆ ನೋವು ತಿಳಿಯದಂತೆ ಔಷಧ ನೀಡಿ, ಉಸಿರಾಟ, ರಕ್ತದೊತ್ತಡ ಮತ್ತು ಹೃದಯದ ಬಡಿತವನ್ನು ಕ್ಷಣಕ್ಷಣವೂ ಗಮನಿಸುತ್ತಾ, ಮತ್ತೆ ಎಚ್ಚರಕ್ಕೆ ತರುವುದು ಅರಿವಳಿಕೆಯ ಕೆಲಸ. ನಮ್ಮ ದೇಶದಲ್ಲಿ ಇದು ವೈದ್ಯರ ಹೊಣೆ. ಅನೆಸ್ತೇಷಿಯಾ ಟೆಕ್ನಾಲಜಿ ಕಲಿತವರು ಅವರಿಗೆ ಸಹಾಯಕರಾಗಿರುತ್ತಾರೆಯೇ ಹೊರತು ತಾವೇ ಅರಿವಳಿಕೆ ನೀಡುವುದಿಲ್ಲ.

ಅಮೆರಿಕದ ವ್ಯವಸ್ಥೆ ಬೇರೆ. ಅಲ್ಲಿ ಅರಿವಳಿಕೆ ತಜ್ಞ ವೈದ್ಯರ ಜೊತೆಗೆ, ವಿಶೇಷ ತರಬೇತಿ ಪಡೆದ ನೋಂದಾಯಿತ ಶುಶ್ರೂಷಕರೂ ಅರಿವಳಿಕೆ ನೀಡುವ ಅಧಿಕಾರ ಹೊಂದಿದ್ದಾರೆ. ಅವರನ್ನು ಸಿಆರ್‌ಎನ್‌ಎ ಎಂದು ಕರೆಯುತ್ತಾರೆ. ಆ ದೇಶದ ಅನೇಕ ಗ್ರಾಮೀಣ ಆಸ್ಪತ್ರೆಗಳಲ್ಲಿ ಅರಿವಳಿಕೆ ನೀಡಲು ಇರುವವರು ಇವರು ಮಾತ್ರ. ಇವರಿಲ್ಲದಿದ್ದರೆ ಅಂತಹ ಊರುಗಳಲ್ಲಿ ಸಿಸೇರಿಯನ್ ಹೆರಿಗೆಯೂ ನಡೆಯಲಾರದು. ಸರ್ಕಾರ ಈ ಶಿಕ್ಷಣಕ್ಕೆ ಹಣ ಕೊಡುವುದರ ಮೂಲ ಕಾರಣ ಇದೇ.

ವೃತ್ತಿಯ ಹಿನ್ನೆಲೆ

ಪೆನ್ಸಿಲ್ವೇನಿಯಾದ ಈರಿ ನಗರದ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ 1877ರಲ್ಲಿ ಅರಿವಳಿಕೆಯ ಹೊಣೆ ಹೊತ್ತ ಸಿಸ್ಟರ್ ಮೇರಿ ಬರ್ನಾರ್ಡ್ ಅವರನ್ನು ಈ ವೃತ್ತಿಯ ಮೊದಲಿಗರೆಂದು ಗುರುತಿಸಲಾಗುತ್ತದೆ. ಮಿನ್ನೆಸೋಟಾದ ರೋಚೆಸ್ಟರ್‌ನಲ್ಲಿ ಮೇಯೋ ಸಹೋದರರೊಡನೆ ಕೆಲಸ ಮಾಡಿದ ಆಲಿಸ್ ಮೆಗಾ ಅವರು 1906ರಲ್ಲಿ, 14,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಅನುಭವವನ್ನು ಲೇಖನವಾಗಿ ಪ್ರಕಟಿಸಿದರು. ಅಷ್ಟು ಪ್ರಕರಣಗಳಲ್ಲಿ ಅರಿವಳಿಕೆಯಿಂದಲೇ ಸಂಭವಿಸಿದ ಸಾವು ಒಂದೂ ಇರಲಿಲ್ಲ. 1909ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಈ ವಿದ್ಯೆಗೆ ಕ್ರಮಬದ್ಧ ಶಾಲೆ ಆರಂಭವಾಯಿತು. ಕ್ಲೀವ್‌ಲ್ಯಾಂಡ್‌ನ ಅಗಾಥಾ ಹಾಡ್ಜಿನ್ಸ್ 1931ರಲ್ಲಿ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಈ ಶುಶ್ರೂಷಕರ ಸೇವೆಗೆ ಮೆಡಿಕೇರ್ ನೇರವಾಗಿ ಹಣ ಪಾವತಿಸುವ ಕಾನೂನು 1986ರಲ್ಲಿ ಬಂದಿತು.

ವ್ಯಾಸಂಗದ ದಾರಿ ಮತ್ತು ಹೊರೆ

ಮೊದಲು ಶುಶ್ರೂಷಾ ಪದವಿ, ಬಳಿಕ ನೋಂದಾಯಿತ ಶುಶ್ರೂಷಕರ ಪರವಾನಗಿ, ಅನಂತರ ತೀವ್ರ ನಿಗಾ ಘಟಕದಲ್ಲಿ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ. ಇವಿಷ್ಟಿದ್ದರೆ ಮಾತ್ರ ಪ್ರವೇಶಕ್ಕೆ ಅರ್ಜಿ ಸಲ್ಲಿಸಬಹುದು. ವ್ಯಾಸಂಗ ಸಾಮಾನ್ಯವಾಗಿ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು. ಅದರಲ್ಲಿ ಕನಿಷ್ಠ 2,000 ಗಂಟೆಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. 2022ರ ಜನವರಿ 1ರಿಂದ ಪ್ರವೇಶ ಪಡೆದವರೆಲ್ಲರೂ ಡಾಕ್ಟರೇಟ್ ಮಟ್ಟದ ಪದವಿಯನ್ನೇ ಪಡೆಯಬೇಕು. ಹಿಂದೆ ಸ್ನಾತಕೋತ್ತರ ಪದವಿ ಸಾಕಾಗಿತ್ತು. ಕೊನೆಯಲ್ಲಿ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆ ಇದೆ.

ವ್ಯಾಸಂಗದ ಒತ್ತಡದ ನಡುವೆ ನೌಕರಿ ಮಾಡುವುದು ಬಹುಮಟ್ಟಿಗೆ ಅಸಾಧ್ಯ. ಅಂದರೆ, ಒಳ್ಳೆಯ ಸಂಬಳದ ಕೆಲಸವನ್ನು ಬಿಟ್ಟು ಮೂರು ವರ್ಷ ಆದಾಯವಿಲ್ಲದೆ ಇರಬೇಕು, ಮೇಲಾಗಿ ಶುಲ್ಕ ಕಟ್ಟಬೇಕು. ಅನೇಕ ಸಂಸ್ಥೆಗಳಲ್ಲಿ ಒಟ್ಟು ಶುಲ್ಕ 1 ಲಕ್ಷ ಡಾಲರ್ ಮೀರುತ್ತದೆ. ವೃತ್ತಿಗೆ ಸೇರಿದ ಮೇಲೆ ವಾರ್ಷಿಕ ಸಂಪಾದನೆಯ ಮಧ್ಯಮ ಮೌಲ್ಯ 2 ಲಕ್ಷ ಡಾಲರಿಗಿಂತ ಹೆಚ್ಚಿದೆ ಎಂಬುದು ಸತ್ಯವೇ. ಆದರೆ ಅಲ್ಲಿಯವರೆಗೆ ದಾಟಬೇಕಾದ ನಡುಹೊಳೆಯಲ್ಲಿ ಬಡ ಕುಟುಂಬದವರು ನಿಲ್ಲುವುದು ಕಷ್ಟ. ಅನುದಾನ ನೆರವಾಗುವುದು ಇಲ್ಲಿ.

ಅನುದಾನಕ್ಕೆ ಕಾನೂನಿನ ಆಧಾರ

ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರಲ್ಲಿ ಸಹಿ ಹಾಕಿದ ಶುಶ್ರೂಷಾ ತರಬೇತಿ ಕಾಯ್ದೆಯು, ಆ ದೇಶದ ಸಾರ್ವಜನಿಕ ಆರೋಗ್ಯ ಸೇವಾ ಕಾಯ್ದೆಗೆ ಎಂಟನೆಯ ಅಧ್ಯಾಯವನ್ನು ಸೇರಿಸಿತು. ಶುಶ್ರೂಷಾ ಶಿಕ್ಷಣಕ್ಕೆ ಒಕ್ಕೂಟ ಸರ್ಕಾರ ಕೊಡುವ ಹಣದ ಬಹುಭಾಗಕ್ಕೆ ಇಂದಿಗೂ ಈ ಅಧ್ಯಾಯವೇ ಆಧಾರ. ಅರಿವಳಿಕೆ ಶುಶ್ರೂಷಕರ ತರಬೇತಿವೇತನಕ್ಕೆ ಪ್ರತ್ಯೇಕ ಅವಕಾಶ 1979ರ ತಿದ್ದುಪಡಿಯಲ್ಲಿ ಬಂದಿತು. 1998ರಲ್ಲಿ ಇಂತಹ ಹಲವು ಯೋಜನೆಗಳನ್ನು ಒಟ್ಟುಗೂಡಿಸಿ, ಉನ್ನತ ಶುಶ್ರೂಷಾ ಶಿಕ್ಷಣಕ್ಕೆ ಸಂಬಂಧಿಸಿದ 811ನೆಯ ಸೆಕ್ಷನ್ ಅಡಿಯಲ್ಲಿ ತರಲಾಯಿತು. ತರಬೇತಿವೇತನದ ಹಣದಲ್ಲಿ ಡಾಕ್ಟರೇಟ್ ವ್ಯಾಸಂಗಿಗಳಿಗೆ ಶೇ. 10ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯೊಂದು ಹಿಂದೆ ಇತ್ತು. 2010ರ ಆರೋಗ್ಯ ಸುಧಾರಣಾ ಕಾನೂನು ಅದನ್ನು ತೆಗೆದುಹಾಕಿತು. ಈಗ ಇಡೀ ವ್ಯಾಸಂಗವೇ ಡಾಕ್ಟರೇಟ್ ಮಟ್ಟಕ್ಕೆ ಏರಿರುವುದರಿಂದ, ಆ ಮಿತಿ ಉಳಿದಿದ್ದರೆ ಯೋಜನೆಯೇ ನಿಷ್ಫಲವಾಗುತ್ತಿತ್ತು.

ಹಣ ಹೇಗೆ ಹರಿಯುತ್ತದೆ?

ಪೋಷಕರು ಮುಖ್ಯವಾಗಿ ಗಮನಿಸಬೇಕಾದ ಭಾಗವಿದು. ಅರಿವಳಿಕೆ ಶುಶ್ರೂಷಕರ ತರಬೇತಿವೇತನ ಯೋಜನೆಯನ್ನು ನಡೆಸುವುದು ಅಮೆರಿಕದ ಆರೋಗ್ಯ ಸಂಪನ್ಮೂಲ ಮತ್ತು ಸೇವಾ ಆಡಳಿತ, ಅಂದರೆ ಎಚ್‌ಆರ್‌ಎಸ್‌ಎ. ಅದು ವಿದ್ಯಾರ್ಥಿಗಳಿಗೆ ನೇರವಾಗಿ ಹಣ ಕೊಡುವುದಿಲ್ಲ. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಅರ್ಜಿ ಸಲ್ಲಿಸುತ್ತವೆ, ಅನುದಾನ ಅವುಗಳಿಗೆ ಸಲ್ಲುತ್ತದೆ. ಸಂಸ್ಥೆಯು ತನ್ನಲ್ಲಿ ಪೂರ್ಣಾವಧಿ ಕಲಿಯುತ್ತಿರುವ ಅರ್ಹ ವಿದ್ಯಾರ್ಥಿಗಳನ್ನು ಆರಿಸಿ ಹಣವನ್ನು ಹಂಚುತ್ತದೆ. ಶುಲ್ಕ, ಪುಸ್ತಕ ಮತ್ತು ಮಿತವಾದ ಜೀವನವೆಚ್ಚ ಇದರಲ್ಲಿ ಸೇರಬಹುದು.

ಯಾವ ಸಂಸ್ಥೆಗೆ ಎಷ್ಟು ಎಂಬುದನ್ನು ಒಂದು ಸೂತ್ರದ ಪ್ರಕಾರ ನಿರ್ಧರಿಸಲಾಗುತ್ತದೆ. ದಾಖಲಾದವರು ಎಷ್ಟು, ಪದವಿ ಪಡೆದವರು ಎಷ್ಟು ಎಂಬುದರ ಜೊತೆಗೆ, ಅವರು ಎಲ್ಲಿ ಸೇವೆಗೆ ಹೋಗುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗ್ರಾಮೀಣ ಜನರಿಗೆ, ವೈದ್ಯಕೀಯ ಸೌಲಭ್ಯ ಕಡಿಮೆಯಿರುವವರಿಗೆ ಅಥವಾ ಸರ್ಕಾರಿ ಆರೋಗ್ಯ ಇಲಾಖೆಗಳಿಗೆ ಗಣನೀಯ ಪ್ರಯೋಜನವಾಗುವ ಯೋಜನೆಗಳಿಗೆ ಆದ್ಯತೆ ನೀಡಬೇಕೆಂದು ಕಾನೂನೇ ಹೇಳುತ್ತದೆ. ಆರೋಗ್ಯ ವೃತ್ತಿಪರರ ಕೊರತೆಯಿದೆಯೆಂದು ಅಧಿಕೃತವಾಗಿ ಗುರುತಿಸಿದ ಪ್ರದೇಶಗಳಿಗಾಗಿ ಶುಶ್ರೂಷಕರನ್ನು ಸಿದ್ಧಗೊಳಿಸುವ ಸಂಸ್ಥೆಗಳಿಗೆ ವಿಶೇಷ ಪರಿಗಣನೆಯೂ ಇದೆ.

ಈ ಹಣ ಸಾಲವಲ್ಲ, ಹಿಂತಿರುಗಿಸಬೇಕಾಗಿಲ್ಲ. ಆದರೆ ಒಂದು ಸಂಸ್ಥೆಗೆ ದೊರೆತ ಮೊತ್ತ ಹಲವು ವಿದ್ಯಾರ್ಥಿಗಳಲ್ಲಿ ಹಂಚಿಹೋಗುವುದರಿಂದ, ಒಬ್ಬೊಬ್ಬರ ಪಾಲು ಪೂರ್ಣ ವೆಚ್ಚದ ಒಂದು ಅಂಶವಷ್ಟೇ. "ಪೂರ್ತಿ ಉಚಿತ ವ್ಯಾಸಂಗ" ಎಂಬ ಪ್ರಚಾರಕ್ಕೆ ಇಲ್ಲಿ ಆಧಾರವಿಲ್ಲ.

ಇತರ ಸರ್ಕಾರಿ ನೆರವು

ನರ್ಸ್ ಕೋರ್ ಎಂಬ ಇನ್ನೊಂದು ಯೋಜನೆಯು, ಸಿಬ್ಬಂದಿ ಕೊರತೆ ತೀವ್ರವಾಗಿರುವ ಆಸ್ಪತ್ರೆಗಳಲ್ಲಿ ಎರಡು ವರ್ಷ ದುಡಿಯುವ ಶುಶ್ರೂಷಕರ ಶಿಕ್ಷಣ ಸಾಲದ ಶೇ. 60ರಷ್ಟನ್ನು ತೀರಿಸುತ್ತದೆ. ಮೂರನೆಯ ವರ್ಷ ಮುಂದುವರಿದರೆ ಮೂಲ ಸಾಲದ ಮತ್ತೂ ಶೇ. 25ರಷ್ಟು ತೀರುತ್ತದೆ. ಸೇನೆಯ ದಾರಿ ಬೇರೆ. ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿರುವ ಸಶಸ್ತ್ರ ಪಡೆಗಳ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಕಲಿಯುವ ಸೇನಾ ಶುಶ್ರೂಷಕರಿಗೆ ಶುಲ್ಕವಿಲ್ಲ, ಸಂಬಳವೂ ಇದೆ, ಪ್ರತಿಯಾಗಿ ನಿಗದಿತ ಅವಧಿಯ ಸೇವೆ ಸಲ್ಲಿಸಬೇಕು.

ಮೊತ್ತ ಮತ್ತು ವಿವಾದ

ಎಂಟನೆಯ ಅಧ್ಯಾಯದ ಎಲ್ಲ ಶುಶ್ರೂಷಾ ಯೋಜನೆಗಳಿಗೂ ಸೇರಿ ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಕಾಂಗ್ರೆಸ್ ಮಂಜೂರು ಮಾಡಿದ್ದು ವರ್ಷಕ್ಕೆ ಸುಮಾರು 30 ಕೋಟಿ ಡಾಲರ್. ಅರಿವಳಿಕೆ ಶುಶ್ರೂಷಕರ ಪಾಲು ಅದರಲ್ಲಿ ಒಂದು ಚಿಕ್ಕ ತುಣುಕು. ಇದಕ್ಕೆ ಹೋಲಿಸಿದರೆ, ವೈದ್ಯರ ಸ್ನಾತಕೋತ್ತರ ತರಬೇತಿಗೆಂದು ಮೆಡಿಕೇರ್ ಆಸ್ಪತ್ರೆಗಳಿಗೆ ಕೊಡುವ ಹಣ ವರ್ಷಕ್ಕೆ 1,000 ಕೋಟಿ ಡಾಲರ್ ಮೀರುತ್ತದೆ. ಈ ಅಂತರವನ್ನು ಶುಶ್ರೂಷಕರ ಸಂಘಟನೆಗಳು ಪ್ರಶ್ನಿಸುತ್ತಾ ಬಂದಿವೆ. 2010ರ ಕಾನೂನಿನನ್ವಯ ಐದು ಆಸ್ಪತ್ರೆಗಳಲ್ಲಿ, ಅರಿವಳಿಕೆಯೂ ಸೇರಿದಂತೆ ಉನ್ನತ ಶುಶ್ರೂಷಾ ತರಬೇತಿಗೆ ಮೆಡಿಕೇರ್ ಹಣ ಬಳಸುವ ಪ್ರಯೋಗವೊಂದು ನಡೆಯಿತು. ಅದು ಶಾಶ್ವತ ಯೋಜನೆಯಾಗಲಿಲ್ಲ.

ಅನುದಾನ ಪ್ರತಿವರ್ಷವೂ ಹೊಸದಾಗಿ ಮಂಜೂರಾಗಬೇಕಾದುದು. 2018 ಮತ್ತು 2026ರ ಆರ್ಥಿಕ ವರ್ಷಗಳಿಗೆ ಅಧ್ಯಕ್ಷರ ಕಡೆಯಿಂದ ಬಂದ ಬಜೆಟ್ ಪ್ರಸ್ತಾವಗಳು ಈ ಅಧ್ಯಾಯದ ಬಹುತೇಕ ಯೋಜನೆಗಳನ್ನು ಕೈಬಿಡುವಂತೆ ಸೂಚಿಸಿದ್ದವು. ಪ್ರಸ್ತಾವ ಮಾಡುವುದು ಅಧ್ಯಕ್ಷರಾದರೂ ಹಣ ಮಂಜೂರು ಮಾಡುವ ಅಧಿಕಾರ ಕಾಂಗ್ರೆಸ್ಸಿನದು. ಇನ್ನೊಂದು ಬದಲಾವಣೆ ಹೆಚ್ಚು ಗಂಭೀರವಾದುದು. 2025ರ ಜುಲೈ 4ರಂದು ಜಾರಿಗೆ ಬಂದ ಕಾನೂನು, ಸ್ನಾತಕೋತ್ತರ ವಿದ್ಯಾರ್ಥಿಗಳು ಪೂರ್ಣ ವೆಚ್ಚದವರೆಗೂ ಪಡೆಯಬಹುದಾಗಿದ್ದ ಒಕ್ಕೂಟ ಸಾಲದ ಬಾಗಿಲನ್ನು ಹೊಸ ಸಾಲಗಾರರಿಗೆ 2026ರ ಜುಲೈ 1ರಿಂದ ಮುಚ್ಚುತ್ತದೆ. ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗೆ ಒಟ್ಟು 1 ಲಕ್ಷ ಡಾಲರ್, ವೃತ್ತಿಪರ ಪದವಿಯ ವಿದ್ಯಾರ್ಥಿಗೆ 2 ಲಕ್ಷ ಡಾಲರ್ ಎಂಬ ಮಿತಿ ಬಂದಿದೆ. ಶುಶ್ರೂಷಾ ಪದವಿಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದೇ ವಿವಾದದ ವಿಷಯ. ಸಾಲ ಕುಗ್ಗಿದಷ್ಟೂ ಅನುದಾನದ ಬೆಲೆ ಹೆಚ್ಚುತ್ತದೆ.

ನಮ್ಮ ಮಕ್ಕಳಿಗೆ ಇದು ಅನ್ವಯಿಸುತ್ತದೆಯೇ?

ಈ ತರಬೇತಿವೇತನಕ್ಕೆ ಅರ್ಹರಾದವರು ಅಮೆರಿಕದ ಪೌರರು ಮತ್ತು ಕಾಯಂ ವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್, ಉಳ್ಳವರು. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಇದು ದೊರೆಯದು. ಆದುದರಿಂದ ಇಲ್ಲಿಂದ ನೇರವಾಗಿ ಅರ್ಜಿ ಹಾಕುವ ಮಾರ್ಗವೇ ಇಲ್ಲ.

ಇರುವ ದಾರಿ ದೀರ್ಘವಾದುದು. ಪಿಯುಸಿ ಅಥವಾ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಕಲಿತು ಬಿಎಸ್ಸಿ ನರ್ಸಿಂಗ್ ಮುಗಿಸಬೇಕು. ತೀವ್ರ ನಿಗಾ ಘಟಕದಲ್ಲಿ ಅನುಭವ ಗಳಿಸಬೇಕು. ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಅದಕ್ಕೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಬಳಿಕ ಉದ್ಯೋಗದಾತರ ಮೂಲಕ ವಲಸೆ ವೀಸಾ. ನಮ್ಮ ದೇಶದಲ್ಲಿ ಹುಟ್ಟಿದವರಿಗೆ ಈ ವರ್ಗದ ವೀಸಾ ಸರದಿ ಹತ್ತು ವರ್ಷಕ್ಕೂ ಮೀರಿ ಹಿಂದುಳಿದಿದೆ ಎಂಬುದನ್ನು ಯಾವ ದಲ್ಲಾಳಿಯೂ ಮೊದಲು ಹೇಳುವುದಿಲ್ಲ. ಗ್ರೀನ್ ಕಾರ್ಡ್ ದೊರೆತು, ಅಲ್ಲಿನ ಸಂಸ್ಥೆಯೊಂದರಲ್ಲಿ ಪ್ರವೇಶವಾದ ಮೇಲೆಯೇ ಅನುದಾನದ ಮಾತು.

ಪೋಷಕರಲ್ಲಿ ನಮ್ಮ ವಿನಂತಿಗಳು ಇವು:

• "ಅಮೆರಿಕ ಸರ್ಕಾರದ ನರ್ಸಿಂಗ್ ಸ್ಕಾಲರ್‌ಶಿಪ್ ಕೊಡಿಸುತ್ತೇವೆ" ಎಂದು ಮುಂಗಡ ಕೇಳುವವರಿಗೆ ಹಣ ಕೊಡಬೇಡಿ. ಅನುದಾನಕ್ಕೆ ಅರ್ಜಿ ಹಾಕುವುದು ಅಲ್ಲಿನ ಕಾಲೇಜು, ವ್ಯಕ್ತಿಯಲ್ಲ.
• ವಿದೇಶಕ್ಕೆ ಕಳುಹಿಸುವ ಏಜೆಂಟರು ಭಾರತ ಸರ್ಕಾರದಲ್ಲಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ತೆರಿಗೆ.
• ಪ್ರವೇಶಕ್ಕೆ ಮೊದಲು ನರ್ಸಿಂಗ್ ಕಾಲೇಜಿನ ಮಾನ್ಯತೆಯನ್ನು ವಿಚಾರಿಸಿ. ಮಾನ್ಯತೆಯಿಲ್ಲದ ಪದವಿ ಗಡಿಯಾಚೆ ಮಾತ್ರವಲ್ಲ, ಇಲ್ಲಿಯೂ ಉಪಯೋಗಕ್ಕೆ ಬಾರದು.
• ಕನ್ನಡ ಮಾಧ್ಯಮ ಇದಕ್ಕೆ ಅಡ್ಡಿಯೆಂದು ಮಕ್ಕಳನ್ನು ಶಾಲೆ ಬಿಡಿಸಬೇಡಿ. ದೇಹಶಾಸ್ತ್ರದ ತಳಹದಿಯನ್ನು ತಾಯ್ನುಡಿಯಲ್ಲಿ ಅರಿತ ಮಗು ಅದೇ ಅರಿವಿಗೆ ಇಂಗ್ಲಿಷ್ ಹೆಸರುಗಳನ್ನು ಕೂಡಿಸಿಕೊಳ್ಳಬಲ್ಲದು. ಎಂಟನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿಗೊಳಿಸಿದರೆ ಸಾಕು.

ಗಡಿನಾಡಿಗೆ ಇದರಲ್ಲಿ ಏನಿದೆ?

ಅಮೆರಿಕದ ಯೋಜನೆಯಲ್ಲಿ ನಾವು ಮೆಚ್ಚುವುದು ಮೊತ್ತವನ್ನಲ್ಲ, ಅದರ ಹಿಂದಿನ ತತ್ತ್ವವನ್ನು. ಶಿಕ್ಷಣಕ್ಕೆ ಕೊಡುವ ಸಾರ್ವಜನಿಕ ಹಣವು, ವೈದ್ಯರು ಹೋಗಲು ಒಪ್ಪದ ಊರುಗಳಿಗೆ ಸೇವೆಯಾಗಿ ಮರಳಬೇಕು ಎಂಬುದು ಆ ತತ್ತ್ವ. ನಮ್ಮ ಗಡಿ ತಾಲ್ಲೂಕುಗಳೂ ಅಂತಹ ಊರುಗಳೇ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಪ್ರಶ್ನೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೂ ಹೋಗಬೇಕಾಯಿತು.

ಅರಿವಳಿಕೆಗೆ ಮೊದಲು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿವೆ. ಕೊನೆಯ ಬಾರಿ ಏನನ್ನಾದರೂ ತಿಂದದ್ದು ಯಾವಾಗ? ಯಾವ ಔಷಧಕ್ಕೆ ಅಲರ್ಜಿ? ಅಲುಗಾಡುವ ಹಲ್ಲು ಇದೆಯೇ? ಹಿಂದೆ ಶಸ್ತ್ರಚಿಕಿತ್ಸೆಯಾದಾಗ ಏನಾದರೂ ತೊಂದರೆಯಾಗಿತ್ತೇ? ಪ್ರಶ್ನೆ ಅರ್ಥವಾಗದ ಅಜ್ಜಿಯೊಬ್ಬಳು ಎಲ್ಲಕ್ಕೂ ತಲೆಯಾಡಿಸಿದರೆ ಅಪಾಯ ಅವಳ ಪ್ರಾಣಕ್ಕೆ. ರೋಗಿಯ ನುಡಿ ಬಲ್ಲ ಶುಶ್ರೂಷಕಿ ಇರುವುದು ಸುರಕ್ಷತೆಯ ಪ್ರಶ್ನೆ, ಭಾಷಾಭಿಮಾನದ ಪ್ರಶ್ನೆ ಮಾತ್ರವಲ್ಲ. ಕಾಸರಗೋಡಿನಲ್ಲಿ ಮಲಯಾಳ ಮತ್ತು ಕನ್ನಡ ಎರಡನ್ನೂ ಬಲ್ಲವರಿಗೆಂದೇ ಕೆಲವು ಗುಮಾಸ್ತ ಹುದ್ದೆಗಳಿಗೆ ಪ್ರತ್ಯೇಕ ನೇಮಕಾತಿ ನಡೆದಿದೆ. ಕಡತಕ್ಕೆ ಬೇಕಾದ ಭಾಷೆ ಹಾಸಿಗೆಯ ಪಕ್ಕಕ್ಕೆ ಬೇಡವೇ?

ಕೇಂದ್ರ ಸಂಪುಟವು 2023ರ ಏಪ್ರಿಲ್‌ನಲ್ಲಿ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ 1,570 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಅಂದರೆ ನಮ್ಮಲ್ಲಿಯೂ ಹಣ ಹರಿಯುತ್ತಿದೆ. ಸರ್ಕಾರಿ ನರ್ಸಿಂಗ್ ಸೀಟುಗಳಲ್ಲಿ ಗಡಿ ತಾಲ್ಲೂಕುಗಳ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಒಂದು ಪಾಲು, ಪ್ರತಿಯಾಗಿ ಅದೇ ತಾಲ್ಲೂಕಿನ ಆಸ್ಪತ್ರೆಯಲ್ಲಿ ನಿಗದಿತ ವರ್ಷಗಳ ಸೇವೆ: ಈ ಬೇಡಿಕೆಯನ್ನು ಪೋಷಕರ ಸಭೆಗಳು ಆಯಾ ರಾಜ್ಯದ ಆರೋಗ್ಯ ಇಲಾಖೆಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಲಿಖಿತವಾಗಿ ಸಲ್ಲಿಸಬೇಕೆಂದು ನಾವು ಕೋರುತ್ತೇವೆ. ನಮ್ಮ ಮಕ್ಕಳು ದೂರದೇಶಕ್ಕೆ ಹೋಗಲಿ, ಅದು ಅವರ ಹಕ್ಕು. ಊರಲ್ಲಿಯೇ ಉಳಿಯಬಯಸುವವರಿಗೂ ಒಂದು ದಾರಿ ತೆರೆದಿರಲಿ.