ಚುನಾವಣಾ ತಿಳಿವಳಿಕೆ (ಕರ್ನಾಟಕ)

ಚುನಾವಣಾ ತಿಳಿವಳಿಕೆ ಎಂದರೆ ಚುನಾವಣೆಯ ದಿನಾಂಕ, ಮತಗಟ್ಟೆ, ಅಭ್ಯರ್ಥಿಗಳು ಹಾಗೂ ಮತದಾನದ ವಿಧಾನವನ್ನು ಊರಿನ ನಿವಾಸಿಗಳಿಗೆ ಅಧಿಕೃತವಾಗಿ ತಿಳಿಸುವ ವ್ಯವಸ್ಥೆ. ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆಗೆ ಸಂಬಂಧಿಸಿದ ಈ ಕಾರ್ಯವು 1950 ಮತ್ತು 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಗಳು, 1960ರ ಮತದಾರರ ನೋಂದಣಿ ನಿಯಮಗಳು ಮತ್ತು 1961ರ ಚುನಾವಣೆಗಳ ನಿರ್ವಹಣಾ ನಿಯಮಗಳ ಅನುಸಾರ ನಡೆಯುತ್ತದೆ. ರಾಜಪತ್ರದ ಅಧಿಸೂಚನೆಯಿಂದ ಆರಂಭವಾಗಿ ಹಳ್ಳಿಯ ಡಂಗುರದವರೆಗೆ ಇದರ ವ್ಯಾಪ್ತಿಯಿದೆ. ಈ ಲೇಖನದಲ್ಲಿ ರಾಯಚೂರು ಜಿಲ್ಲೆಯನ್ನು, ವಿಶೇಷವಾಗಿ ಮಾನ್ವಿ, ದೇವದುರ್ಗ ಮತ್ತು ಸಿರವಾರ ತಾಲ್ಲೂಕಿನ ಮಲ್ಲಟದ ಸುತ್ತಮುತ್ತಲ ಭಾಗವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಹಿನ್ನೆಲೆ

ರಾಯಚೂರು ಜಿಲ್ಲೆಯ ಜನರು ತಮ್ಮ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತ ನೀಡಿದ್ದು ಮೈಸೂರು ವಿಧಾನಸಭೆಗಲ್ಲ, ಹೈದರಾಬಾದ್ ರಾಜ್ಯದ ವಿಧಾನಸಭೆಗೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದ ಬಳಿಕ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು; 1957ರ ಚುನಾವಣೆಯಿಂದ ಇಲ್ಲಿಯ ಪ್ರತಿನಿಧಿಗಳು ಬೆಂಗಳೂರಿನ ಸದನಕ್ಕೆ ಆಯ್ಕೆಯಾಗತೊಡಗಿದರು. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದು, ಊರಿನ ಭಾಷೆ ಕನ್ನಡ, ಗಡಿಯ ಕಡೆಗೆ ತೆಲುಗು. ಸರ್ಕಾರದ ಬರಹ ಒಂದು ಭಾಷೆಯಲ್ಲಿದ್ದು ಅದನ್ನು ಊರವರಿಗೆ ಇನ್ನೊಂದು ಭಾಷೆಯಲ್ಲಿ ಬಾಯಿಮಾತಿನಿಂದ ಮುಟ್ಟಿಸುವ ಪರಿಪಾಠ ಹೀಗೆ ಬೆಳೆದಿತ್ತು. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಗೋಡೆಗೆ ಅಂಟಿಸಿದ ಕಾಗದಕ್ಕಿಂತ ಕಿವಿಗೆ ಬಿದ್ದ ಮಾತಿಗೇ ಹೆಚ್ಚು ಬೆಲೆ.

ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ ಇರುತ್ತಿತ್ತು. ಅದರ ಮೇಲೆ ಅವನ ಚಿಹ್ನೆಯನ್ನು ಅಂಟಿಸಲಾಗುತ್ತಿತ್ತು. ಮತದಾರನು ಚೀಟಿಯ ಮೇಲೆ ಯಾವ ಗುರುತನ್ನೂ ಮಾಡದೆ, ತನಗೆ ಬೇಕಾದ ಪೆಟ್ಟಿಗೆಯೊಳಗೆ ಹಾಕಿದರೆ ಸಾಕಾಗಿತ್ತು. ಆದ್ದರಿಂದ ಅಂದಿನ ತಿಳಿವಳಿಕೆಯಲ್ಲಿ ಹೆಸರಿಗಿಂತ ಚಿಹ್ನೆಗೇ ಪ್ರಾಶಸ್ತ್ಯ. ಮತದಾರರ ಪಟ್ಟಿಯ ತಯಾರಿಯೂ ಸುಲಭವಾಗಿರಲಿಲ್ಲ. ದೇಶದಾದ್ಯಂತ ಸುಮಾರು 28 ಲಕ್ಷ ಮಹಿಳೆಯರು ತಮ್ಮ ಹೆಸರನ್ನು ಹೇಳದೆ 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದಷ್ಟೇ ತಿಳಿಸಿದ ಕಾರಣ, ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲದ ಪಟ್ಟಿಯಿಂದ ಹೊರಗುಳಿದರು. ಇವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಗಂಡನ ಹೆಸರನ್ನು ಬಾಯಿಂದ ಹೇಳಲು ಸಂಕೋಚಪಡುವ ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳನ್ನು ಕಂಡವರಿಗೆ ಈ ಸಂಗತಿ ಅಪರಿಚಿತವೆನಿಸದು.

ಡಂಗುರ

ಊರಿನ ಅಗಸೆ, ಹನುಮಂತದೇವರ ಗುಡಿಯ ಮುಂದಿನ ಕಟ್ಟೆ, ಚಾವಡಿ ಹಾಗೂ ಓಣಿಗಳ ಕೂಡುಸ್ಥಳಗಳಲ್ಲಿ ನಿಂತು ಹಲಗೆ ಬಾರಿಸಿ ಸುದ್ದಿಯನ್ನು ಸಾರುವುದಕ್ಕೆ ಡಂಗುರ ಎನ್ನುತ್ತಾರೆ. 'ಕೇಳ್ರಪ್ಪೋ ಕೇಳ್ರಿ' ಎಂಬ ಕರೆಯೊಡನೆ ಕಂದಾಯ ವಸೂಲಿ, ಜಾತ್ರೆ, ದನಗಳ ಲಸಿಕೆ, ಮತದಾನ ಎಲ್ಲವೂ ಒಂದೇ ದನಿಯಲ್ಲಿ ಊರಿಗೆ ತಲುಪುತ್ತಿದ್ದವು. ಸಂಜೆ ಹೊಲದಿಂದ ಜನ ಮರಳಿದ ನಂತರ ಸಾರುವುದು ವಾಡಿಕೆ. ಹಗಲಿನಲ್ಲಿ ಸಾರಿದರೆ ಕೇಳಲು ಮುದುಕರು, ಮಕ್ಕಳ ಹೊರತು ಯಾರೂ ಇರುತ್ತಿರಲಿಲ್ಲ.

ಡಂಗುರದ ಸೊಗಸನ್ನಷ್ಟೇ ಹೇಳಿ ಮುಂದೆ ಸಾಗುವುದು ನ್ಯಾಯವಲ್ಲ. ಹಲಗೆ ಬಾರಿಸುವ ಕೆಲಸ ಬಹುತೇಕ ಊರುಗಳಲ್ಲಿ ದಲಿತ ಕುಟುಂಬಗಳ ಮೇಲೆ ವಂಶಪಾರಂಪರ್ಯವಾಗಿ ಬಿದ್ದಿತ್ತು. ಕೆಲವು ಊರುಗಳಲ್ಲಿ ಸಾರುವವನು ಮೇಲ್ಜಾತಿಯವರ ಓಣಿಯಲ್ಲಿ ದೂರದಲ್ಲಿ ನಿಂತೇ ಕೂಗಬೇಕಿತ್ತು. ತಾನು ಸಾರಿದ ಮತದಾನಕ್ಕೆ ತಾನೇ ನಿರ್ಭಯವಾಗಿ ಹೋಗುವ ಅವಕಾಶ ಎಲ್ಲ ಕಡೆಯೂ ಇತ್ತೆನ್ನಲಾಗದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು ವಂಶಪಾರಂಪರ್ಯದ ಗ್ರಾಮಸೇವೆಯನ್ನು ಕಾನೂನಿನಲ್ಲಿ ಕೊನೆಗೊಳಿಸಿತು. ಇಂದು ಗ್ರಾಮ ಪಂಚಾಯಿತಿಗಳು ಆಟೊ ಅಥವಾ ಟಂಟಂ ವಾಹನಕ್ಕೆ ಧ್ವನಿವರ್ಧಕ ಕಟ್ಟಿ ಸಾರಿಸುತ್ತವೆ. ಪಟ್ಟಣಗಳಲ್ಲಿ ಕಸದ ವಾಹನದಿಂದಲೂ ಮತದಾನದ ಕರೆ ಕೇಳಿಬರುತ್ತದೆ. ಆದರೂ ಜನ ಇದನ್ನು 'ಡಂಗುರ' ಎಂದೇ ಕರೆಯುತ್ತಾರೆ.

ಅಧಿಸೂಚನೆಯ ಕ್ರಮ

ಚುನಾವಣಾ ಆಯೋಗವು ಪತ್ರಿಕಾಗೋಷ್ಠಿಯಲ್ಲಿ ದಿನಾಂಕ ಘೋಷಿಸುವುದನ್ನೇ ಅನೇಕರು ಅಧಿಸೂಚನೆ ಎಂದು ತಿಳಿಯುತ್ತಾರೆ. ಇವೆರಡೂ ಬೇರೆ. ಘೋಷಣೆಯಿಂದ ಮಾದರಿ ನೀತಿಸಂಹಿತೆ ಜಾರಿಗೆ ಬರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಚುನಾವಣೆ ಆರಂಭವಾಗುವುದು 1951ರ ಕಾಯ್ದೆಯ 15ನೇ ಪ್ರಕರಣದಡಿ ರಾಜ್ಯಪಾಲರು ಹೊರಡಿಸುವ ಅಧಿಸೂಚನೆಯಿಂದ. 30ನೇ ಪ್ರಕರಣದಂತೆ ನಾಮಪತ್ರ ಸಲ್ಲಿಕೆಗೆ ಅಧಿಸೂಚನೆಯ ನಂತರದ ಏಳನೆಯ ದಿನ ಕೊನೆಯ ದಿನವಾಗುತ್ತದೆ. ಮರುದಿನ ಪರಿಶೀಲನೆ. ನಾಮಪತ್ರ ಹಿಂಪಡೆಯುವ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಸುಮಾರು ಎರಡು ವಾರಗಳ ಅಂತರ ಇರಲೇಬೇಕು.

2023ರ ವಿಧಾನಸಭಾ ಚುನಾವಣೆಯಲ್ಲಿ ಈ ಕ್ರಮ ಹೀಗಿತ್ತು: ಮಾರ್ಚ್ 29ರಂದು ಘೋಷಣೆ, ಏಪ್ರಿಲ್ 13ರಂದು ಅಧಿಸೂಚನೆ, ಏಪ್ರಿಲ್ 20 ನಾಮಪತ್ರಕ್ಕೆ ಕೊನೆಯ ದಿನ, 21ರಂದು ಪರಿಶೀಲನೆ, 24 ಹಿಂಪಡೆಯಲು ಕೊನೆಯ ದಿನ, ಮೇ 10ರಂದು ಮತದಾನ, ಮೇ 13ರಂದು ಎಣಿಕೆ. ರಾಜ್ಯದ 224 ಕ್ಷೇತ್ರಗಳಿಗೂ ಒಂದೇ ದಿನ ಮತದಾನ ನಡೆಯಿತು. ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಾದ ರಾಯಚೂರು ಗ್ರಾಮೀಣ, ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು, ಸಿಂಧನೂರು ಮತ್ತು ಮಸ್ಕಿ ಇದರಲ್ಲಿ ಸೇರಿದ್ದವು. ಇವುಗಳಲ್ಲಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ ಹಾಗೂ ಮಸ್ಕಿ ಪರಿಶಿಷ್ಟ ಪಂಗಡಕ್ಕೂ ಲಿಂಗಸುಗೂರು ಪರಿಶಿಷ್ಟ ಜಾತಿಗೂ ಮೀಸಲು.

ಪ್ರತಿ ಕ್ಷೇತ್ರದ ಚುನಾವಣಾಧಿಕಾರಿಯು ನಮೂನೆ 1ರಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸುತ್ತಾರೆ. ನಾಮಪತ್ರವನ್ನು ಎಲ್ಲಿ, ಯಾರಿಗೆ, ಎಷ್ಟು ಗಂಟೆಯೊಳಗೆ ಕೊಡಬೇಕೆಂಬುದು ಅದರಲ್ಲಿರುತ್ತದೆ. ಕಣದಲ್ಲಿ ಉಳಿದವರ ಪಟ್ಟಿ ನಮೂನೆ 7ಎಯಲ್ಲಿ ಪ್ರಕಟವಾಗುತ್ತದೆ. ಮಾನ್ಯತೆ ಪಡೆದ ಪಕ್ಷಗಳವರು ಮೊದಲು, ನೋಂದಾಯಿತ ಇತರ ಪಕ್ಷಗಳವರು ನಂತರ, ಪಕ್ಷೇತರರು ಕೊನೆಗೆ ಬರುತ್ತಾರೆ. ಪ್ರತಿ ಗುಂಪಿನೊಳಗೂ ವರ್ಣಮಾಲೆಯ ಕ್ರಮ. ಮತದಾನದ ದಿನ ಪ್ರತಿ ಮತಗಟ್ಟೆಯ ಹೊರಗೆ ಆ ಮತಗಟ್ಟೆಯ ವ್ಯಾಪ್ತಿಯನ್ನೂ ಅಭ್ಯರ್ಥಿಗಳ ಪಟ್ಟಿಯನ್ನೂ ಎದ್ದು ಕಾಣುವಂತೆ ಹಾಕಬೇಕೆಂದು 1961ರ ನಿಯಮಗಳ 31ನೇ ನಿಯಮ ವಿಧಿಸುತ್ತದೆ. ಶಾಲೆಯ ಗೋಡೆಗೆ ಅಂಟಿಸಿದ ಈ ಹಾಳೆಯನ್ನು ಓದಿ ಒಳಗೆ ಹೋಗುವವರು ಕಡಿಮೆ.

ಅಭ್ಯರ್ಥಿಗಳ ವಿಷಯದಲ್ಲಿ ತಿಳಿಯುವ ಹಕ್ಕು ತಡವಾಗಿ ದೊರೆಯಿತು. ಕ್ರಿಮಿನಲ್ ಮೊಕದ್ದಮೆ, ಆಸ್ತಿ, ವಿದ್ಯಾರ್ಹತೆಗಳ ಪ್ರಮಾಣಪತ್ರ ಕಡ್ಡಾಯವಾದದ್ದು ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ಫಲ. 2018ರ ತೀರ್ಪಿನ ನಂತರ ಮೊಕದ್ದಮೆಗಳಿರುವ ಅಭ್ಯರ್ಥಿಯು ಅದನ್ನು ಪತ್ರಿಕೆ ಹಾಗೂ ದೂರದರ್ಶನ ವಾಹಿನಿಗಳಲ್ಲಿ ಮೂರು ಬಾರಿ ಪ್ರಕಟಿಸಬೇಕಾಗಿದೆ.

ಮತದಾರರ ಪಟ್ಟಿ ಮತ್ತು ಮಾಹಿತಿ ಚೀಟಿ

ಹೆಸರು ಪಟ್ಟಿಯಲ್ಲಿಲ್ಲದವರಿಗೆ ಉಳಿದ ಯಾವ ತಿಳಿವಳಿಕೆಯಿಂದಲೂ ಪ್ರಯೋಜನವಿಲ್ಲ. ಕರಡು ಪಟ್ಟಿಯನ್ನು ಮತಗಟ್ಟೆಗಳಲ್ಲಿ ಪ್ರದರ್ಶಿಸಿ, ಗ್ರಾಮಸಭೆಗಳಲ್ಲಿ ಓದಿಸುವ ಪದ್ಧತಿಯಿದೆ. ಸೇರ್ಪಡೆಗೆ ನಮೂನೆ 6, ಆಕ್ಷೇಪಣೆ ಅಥವಾ ತೆಗೆದುಹಾಕುವಿಕೆಗೆ ನಮೂನೆ 7, ತಿದ್ದುಪಡಿ ಮತ್ತು ಸ್ಥಳಾಂತರಕ್ಕೆ ನಮೂನೆ 8. ಮೊದಲು ಜನವರಿ 1 ಮಾತ್ರ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1ರಂದು ಹದಿನೆಂಟು ತುಂಬುವವರಿಗೂ ಅವಕಾಶವಾಗಿದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದೊಡನೆ ಆ ಚುನಾವಣೆಯ ಮಟ್ಟಿಗೆ ಪಟ್ಟಿ ಸ್ತಬ್ಧವಾಗುತ್ತದೆ. ಮತದಾನಕ್ಕೆ ವಾರವಿರುವಾಗ ಚೀಟಿ ಬಾರದ್ದನ್ನು ಗಮನಿಸಿ ತಹಶೀಲ್ದಾರ್ ಕಚೇರಿಗೆ ಧಾವಿಸುವವರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ. ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಮತಗಟ್ಟೆ ಮಟ್ಟದ ಅಧಿಕಾರಿಯು ಮತದಾನಕ್ಕೆ ಕೆಲವು ದಿನ ಮೊದಲು ಮನೆಮನೆಗೆ ಮತದಾರರ ಮಾಹಿತಿ ಚೀಟಿ ಹಂಚುತ್ತಾರೆ. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮೊದಲಾದವರು ಈ ಹೊಣೆ ಹೊರುತ್ತಾರೆ. ಚೀಟಿಯಲ್ಲಿ ಭಾಗಸಂಖ್ಯೆ, ಕ್ರಮಸಂಖ್ಯೆ, ಮತಗಟ್ಟೆಯ ಹೆಸರು, ದಿನಾಂಕ, ವೇಳೆ ಇರುತ್ತವೆ. ಹಿಂದೆ ಭಾವಚಿತ್ರವಿರುವ ಚೀಟಿಯನ್ನೇ ಗುರುತಿನ ದಾಖಲೆಯಾಗಿ ಒಪ್ಪುತ್ತಿದ್ದರು. 2019ರಲ್ಲಿ ಆಯೋಗವು ಇದನ್ನು ಕೈಬಿಟ್ಟಿತು. 2021ರಿಂದ ಭಾವಚಿತ್ರವಿಲ್ಲದ ಚೀಟಿ ಬಂದಿತು. ಆದ್ದರಿಂದ ಚೀಟಿಯೊಂದನ್ನೇ ಹಿಡಿದು ಹೋದರೆ ಮತ ಹಾಕಲಾಗದು. ಗುರುತಿನ ಚೀಟಿ ಅಥವಾ ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಮೊದಲಾದ ಒಪ್ಪಿತ ದಾಖಲೆ ಬೇಕು. ಚೀಟಿ ಸಿಗದಿದ್ದರೂ ಪಟ್ಟಿಯಲ್ಲಿ ಹೆಸರಿದ್ದು ದಾಖಲೆ ಇದ್ದರೆ ಮತ ಹಾಕಬಹುದು. ಹಳ್ಳಿಗಳಲ್ಲಿ ಇವೆರಡನ್ನೂ ಇಂದಿಗೂ ತಿರುಗುಮುರುಗಾಗಿ ತಿಳಿದವರಿದ್ದಾರೆ.

ಪಕ್ಷಗಳವರು ಹಂಚುವ ಚೀಟಿ ಬೇರೆ. ಅದು ಬಿಳಿಯ ಕಾಗದದ ಮೇಲಿರಬೇಕು. ಅದರಲ್ಲಿ ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಇರಕೂಡದು.

2023ರಲ್ಲಿ 80 ವರ್ಷ ಮೀರಿದವರಿಗೂ ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳವರಿಗೂ ಮನೆಯಿಂದಲೇ ಮತ ಹಾಕುವ ಸೌಲಭ್ಯವನ್ನು ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ಕಲ್ಪಿಸಲಾಯಿತು. ಇದಕ್ಕೆ ನಮೂನೆ 12ಡಿಯನ್ನು ಅಧಿಸೂಚನೆಯಿಂದ ಐದು ದಿನಗಳೊಳಗೆ ಕೊಡಬೇಕಿತ್ತು. ಸುದ್ದಿ ತಡವಾಗಿ ತಲುಪಿದ ವೃದ್ಧರಿಗೆ ಈ ಸೌಲಭ್ಯ ಇದ್ದೂ ಇಲ್ಲದಂತೆ.

ಗುಳೆ ಹೋದವರು

ರಾಯಚೂರು ಜಿಲ್ಲೆಯ ಚುನಾವಣಾ ತಿಳಿವಳಿಕೆಯಲ್ಲಿ ಅತಿ ಕಠಿಣವಾದ ಪ್ರಶ್ನೆ ಗುಳೆಯದು. ಕಾಲುವೆಯ ನೀರು ತಲುಪದ ಊರುಗಳಿಂದ ಸುಗ್ಗಿಯ ಬಳಿಕ ಕೂಲಿಕಾರರು ಕುಟುಂಬಸಮೇತ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳ ಕಟ್ಟಡ ಕಾಮಗಾರಿಗಳಿಗೆ ಹೋಗುತ್ತಾರೆ. 2018ರ ಮತದಾನ ಮೇ 12ರಂದು, 2023ರದು ಮೇ 10ರಂದು ನಡೆದವು. ಇವೆರಡೂ ಗುಳೆಯ ಕಾಲದಲ್ಲೇ ಬಂದವು. ಹಲಗೆಯ ದನಿಯಾಗಲಿ ಆಟೊದ ದನಿಯಾಗಲಿ ದೇವದುರ್ಗದಿಂದ 400 ಕಿಲೋಮೀಟರಿಗೂ ಆಚೆಯ ತಗಡಿನ ಶೆಡ್ಡುಗಳಿಗೆ ಕೇಳುವುದಿಲ್ಲ. ಅಲ್ಲಿಗೆ ಸುದ್ದಿ ಒಯ್ಯುವುದು ಬಂಧುಗಳ ಫೋನ್ ಕರೆ, ಇಲ್ಲವೇ ವಾಹನ ಮಾಡಿ ಕರೆತರಲು ಬರುವ ಪಕ್ಷದವರು. ಮತದಾರರನ್ನು ಉಚಿತವಾಗಿ ಮತಗಟ್ಟೆಗೆ ಸಾಗಿಸುವುದು 1951ರ ಕಾಯ್ದೆಯ 123ನೇ ಪ್ರಕರಣದಂತೆ ಭ್ರಷ್ಟಾಚರಣೆ. ಆದರೂ ಊರಿಗೆ ಮರಳಲು ಬಡವರಿಗೆ ಇರುವ ದಾರಿ ಹಲವು ಸಲ ಅದೊಂದೇ.

ಮನೆಗೆ ಬೀಗವಿದ್ದು ಚೀಟಿ ತಲುಪದವರ ಹೆಸರುಗಳನ್ನು ಗೈರುಹಾಜರಾದವರು, ಸ್ಥಳಾಂತರಗೊಂಡವರು ಮತ್ತು ಮೃತರ ಪ್ರತ್ಯೇಕ ಪಟ್ಟಿಯಲ್ಲಿ ಬರೆಯಲಾಗುತ್ತದೆ. ಈ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯು ದಾಖಲೆಯನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಿ ಮತಕ್ಕೆ ಅವಕಾಶ ಕೊಡಬೇಕು. ಬೆಳಗ್ಗೆ ಬಸ್ಸಿಳಿದು ನೇರವಾಗಿ ಮತಗಟ್ಟೆಗೆ ಬಂದ ಕೂಲಿಕಾರನಿಗೆ ಇದು ತಿಳಿದಿರದೆ, ಯಾರೋ 'ನಿನ್ನ ಹೆಸರು ತೆಗೆದಾರ' ಎಂದೊಡನೆ ಮರಳಿ ಹೋಗುವ ಸಂಭವ ಹೆಚ್ಚು.

135ಬಿ ಪ್ರಕರಣವು ಮತದಾನದ ದಿನ ಕೂಲಿಕಾರರಿಗೂ ವೇತನಸಹಿತ ರಜೆ ಕೊಡಬೇಕೆನ್ನುತ್ತದೆ. ತಪ್ಪಿದ ಮಾಲೀಕನಿಗೆ ವಿಧಿಸಬಹುದಾದ ದಂಡ 500 ರೂಪಾಯಿ ಮಾತ್ರ. ದೂರದ ಊರಿಗೆ ಹೋಗಿ ಬರಲು ಒಂದು ದಿನದ ರಜೆ ಸಾಲದು. ವಲಸಿಗರು ಇದ್ದಲ್ಲಿಂದಲೇ ಮತ ಹಾಕುವ ಯಂತ್ರವೊಂದನ್ನು ಆಯೋಗವು 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಇರಿಸಿತಾದರೂ ಒಮ್ಮತ ಮೂಡದೆ ಆ ವರ್ಷದ ವಿಧಾನಸಭಾ ಚುನಾವಣೆ ಹಳೆಯ ಕ್ರಮದಲ್ಲೇ ನಡೆಯಿತು.

ಮತಪತ್ರದಲ್ಲಿ ಪ್ರಶ್ನೆಗಳು

ಅಮೆರಿಕದ ಹಲವು ರಾಜ್ಯಗಳಲ್ಲಿ ಅಭ್ಯರ್ಥಿಗಳ ಜೊತೆಗೆ ತೆರಿಗೆ, ಸಂವಿಧಾನದ ತಿದ್ದುಪಡಿ ಮುಂತಾದ ಪ್ರಶ್ನೆಗಳೂ ಮತಪತ್ರದಲ್ಲಿರುತ್ತವೆ. ಮ್ಯಾಸಚೂಸೆಟ್ಸ್ ರಾಜ್ಯವು ಪ್ರತಿ ಪ್ರಶ್ನೆಯ ಸಾರಾಂಶ ಹಾಗೂ ಪರ-ವಿರೋಧ ವಾದಗಳಿರುವ ಪುಸ್ತಿಕೆಯನ್ನು ಮನೆಮನೆಗೆ ಅಂಚೆಯಲ್ಲಿ ಕಳುಹಿಸುತ್ತದೆ. ಸ್ವಿಟ್ಜರ್ಲೆಂಡಿನಲ್ಲಿಯೂ ಇಂಥ ಪುಸ್ತಿಕೆಯಿದೆ. ಭಾರತದ ಸಂವಿಧಾನದಲ್ಲಿ ಜನಮತಗಣನೆಗೆ ಸಾಮಾನ್ಯ ಏರ್ಪಾಡಿಲ್ಲ. ಜುನಾಗಢ (1948), ಗೋವಾ (1967) ಮತ್ತು ಸಿಕ್ಕಿಂ (1975) ವಿಶೇಷ ಸಂದರ್ಭಗಳು. ರಾಯಚೂರು ಜಿಲ್ಲೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದಾಗಲೂ ಮನವಿಗಳು, ಆಯೋಗದ ವರದಿ ಮತ್ತು ಸಂಸತ್ತಿನ ಕಾಯ್ದೆ ಸಾಕಾದವು. ಜಿಲ್ಲೆಯ ಜನರನ್ನು ಮತಪತ್ರದ ಮೂಲಕ ಯಾರೂ ಕೇಳಲಿಲ್ಲ.

ನಮ್ಮ ಮತಯಂತ್ರದಲ್ಲಿ ವ್ಯಕ್ತಿಯಲ್ಲದ ಆಯ್ಕೆ ಒಂದೇ: 'ಮೇಲಿನ ಯಾರೂ ಅಲ್ಲ' ಅಥವಾ ನೋಟಾ. 2013ರ ಸೆಪ್ಟೆಂಬರ್ 27ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಇದು ಬಂದಿತು. ಇದಕ್ಕೆ ಅತಿ ಹೆಚ್ಚು ಮತ ಬಿದ್ದರೂ ನಂತರದ ಸ್ಥಾನದ ಅಭ್ಯರ್ಥಿಯೇ ವಿಜಯಿ ಎಂಬುದನ್ನು ಜಾಗೃತಿ ಜಾಥಾಗಳಲ್ಲಿ ಸ್ಪಷ್ಟವಾಗಿ ಹೇಳುವುದು ಕಡಿಮೆ.

ಪ್ರಶ್ನೆಯೊಂದನ್ನು ಊರಿನ ಮುಂದೆ ನೇರವಾಗಿ ಇಡುವ ಸ್ಥಳ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ, ಗ್ರಾಮಸಭೆಗಳು ಕಾಮಗಾರಿ ಮತ್ತು ಫಲಾನುಭವಿಗಳ ವಿಷಯ ಚರ್ಚಿಸುತ್ತವೆ. ಇದರ ದಿನಾಂಕವನ್ನು ಪಂಚಾಯಿತಿಯ ಸೂಚನಾಫಲಕದಲ್ಲಿ ಹಾಕಿ, ಡಂಗುರದ ಮೂಲಕ ತಿಳಿಸುವುದು ರೂಢಿ. ವಿಧಾನಸಭೆಯ ಮತದಾನಕ್ಕೆ ವಾರಗಟ್ಟಲೆ ಸಾರುವ ಊರುಗಳಲ್ಲೇ ಗ್ರಾಮಸಭೆಯ ಸುದ್ದಿ ಹಿಂದಿನ ಸಂಜೆ ಒಮ್ಮೆ ಕೇಳಿಸಿ ನಿಂತುಹೋಗುವುದುಂಟು.