ತಂದೆ-ಮಗ ಕಟ್ಟಿದ ಗಿಟಾರು



ಕ್ವೀನ್ ವಾದ್ಯವೃಂದದ ಬ್ರಯನ್ ಮೇ ಅವರ ಕೆಂಪು ಗಿಟಾರು ಅಂಗಡಿಯದಲ್ಲ. ಕೊಳ್ಳಲು ಹಣವಿಲ್ಲದ ಕಾರಣ, 1963ರಲ್ಲಿ ಹದಿನಾರರ ಹರೆಯದ ಬ್ರಯನ್ ಮತ್ತು ತಂದೆ ಹೆರಾಲ್ಡ್ ಅದನ್ನು ಲಂಡನ್ ಸಮೀಪದ ತಮ್ಮ ಮನೆಯಲ್ಲೇ ಕಟ್ಟತೊಡಗಿದರು.

ಅದರ ಅಲಂಕಾರವೆಲ್ಲ ಮನೆಬಳಕೆಯ ವಸ್ತುಗಳಿಂದಲೇ ಆದದ್ದು. ಕತ್ತಿನ ಭಾಗಕ್ಕೆ ಹಳೆಯ ಅಗ್ಗಿಷ್ಟಿಕೆಯ ಮಹೋಗನಿ ಮರ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿಗಳ ತುಂಡು. ಒಡಲಿನ ಮೇಲೆ ಮಹೋಗನಿಯ ತೆಳುಪದರ, ಅಂಚಿಗೆ ಕಪಾಟಿನ ಬಿಳಿಯ ಪ್ಲಾಸ್ಟಿಕ್ ಪಟ್ಟಿ. ಸ್ವರಸ್ಥಾನ ತೋರುವ ಬಿಳಿಯ ಚುಕ್ಕೆಗಳು ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರ ಕಂಪಿಸುವ ಸನ್ನೆಯ ತುದಿಗೆ ಆಕೆಯದೇ ಹೆಣಿಗೆಕಡ್ಡಿಯ ತುದಿ. ಕೊನೆಗೆ ರಸ್ಟಿನ್ಸ್ ಕಂಪನಿಯ ಪ್ಲಾಸ್ಟಿಕ್ ಮೆರುಗೆಣ್ಣೆಯನ್ನು ಪದರ ಪದರವಾಗಿ ಬಳಿದಾಗ ಮರವು ಕೆಂಗಂದು ಬಣ್ಣದಿಂದ ಹೊಳೆಯಿತು. 1964ರಲ್ಲಿ ಕೆಲಸ ಮುಗಿಯಿತು. ತಗುಲಿದ ವೆಚ್ಚ ಸುಮಾರು 8 ಪೌಂಡು.

ಇಷ್ಟು ಅಕ್ಕರೆಯಿಂದ ಕಟ್ಟಿಕೊಟ್ಟ ಗಿಟಾರೇ ತಂದೆಯ ನೋವಿಗೂ ಕಾರಣವಾಯಿತು. ಖಭೌತಶಾಸ್ತ್ರದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಮಗ ಸಂಗೀತದ ಹಿಂದೆ ಹೋದ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಗನ ವಾದನವನ್ನು ಕಣ್ಣಾರೆ ಕಂಡ ಮೇಲೆಯೇ ಅವರ ಮನಸ್ಸು ಕರಗಿತು. 2007ರಲ್ಲಿ ಬ್ರಯನ್ ಆ ಸಂಶೋಧನೆಯನ್ನು ಪೂರೈಸಿ ಡಾಕ್ಟರೇಟ್ ಪಡೆದರು. ಅದನ್ನು ಕಾಣಲು ತಂದೆ ಇರಲಿಲ್ಲ. ಅವರು ಕಟ್ಟಿಕೊಟ್ಟ ಗಿಟಾರು ಮಾತ್ರ ಮಗನ ಕೈಯಲ್ಲಿಯೇ ಇತ್ತು.